ಆಮೆನ್‌ಗೆ ಇನ್ನೂ ಹೊತ್ತುಂಟು

ಸ್ವರ್ಗವನ್ನು ಬಾಸೆಲ್ ಮಿಶನ್ನಿನವರೇ ಕಟ್ಟಿಸಿದ್ದು ಎಂದು ಚಿಕ್ಕಂದಿನಲ್ಲಿ ನಾನು ಬಹಳ ಕಾಲ ನಂಬಿದ್ದೆ. ನಂಬಿಕೆಗೆ ಆಧಾರವಿತ್ತು. ಮಂಗಳೂರಿನ ಜೆಪ್ಪುವಿನಲ್ಲಿದ್ದ ನಮ್ಮ ಮನೆಯ ಮಲಗುವ ಕೋಣೆಗೆ ಮುಚ್ಚಿಗೆ ಇರಲಿಲ್ಲ. ಚಾಪೆ ಹಾಸಿ ಅಂಗಾತ ಮಲಗಿದರೆ ಮೇಲೆ ಪಕ್ಕಾಸು, ರೀಪು, ಅದರ ಮೇಲೆ ಹೆಂಚು. ಹೆಂಚಿನ ಒಳಮೈಯಲ್ಲಿ ಬಾಸೆಲ್ ಮಿಶನ್ ಎಂಬ ಇಂಗ್ಲಿಷ್ ಅಚ್ಚು, ಜೊತೆಗೆ 1865 ಎಂಬ ಇಸವಿ. ದೇವರು ಮೇಲಿದ್ದಾನೆ ಎಂದು ಸಂಡೆ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಮೇಲೆ ನೋಡಿದರೆ ಕಾಣುವುದು ಇದು. ಇನ್ನು ಸಂಶಯಕ್ಕೆ ಎಡೆ ಎಲ್ಲಿ? ಒಂದು ಮಳೆಗಾಲದಲ್ಲಿ ಹೆಂಚು ಬಿರುಕುಬಿಟ್ಟು ಸರಿಯಾಗಿ ನನ್ನ ಹಣೆಯ ಮೇಲೆ ನೀರು ತೊಟ್ಟಿಕ್ಕಿದಾಗ, “ಅಜ್ಜೀ, ಸ್ವರ್ಗ ಸೋರ್ತಾ ಉಂಟು” ಎಂದು ಕೂಗಿದೆನಂತೆ. ಅಜ್ಜಿ ಒಂದು ತಂಬಿಗೆ ತಂದಿಟ್ಟು, “ದೀಕ್ಷಾಸ್ನಾನ ಒಂದು ಸಲ ಆದ್ರೆ ಸಾಕು ಮಗಾ, ಈಚೆ ಬಂದು ಮಲಗು” ಎಂದರಂತೆ. ಈ ಕಥೆಯನ್ನು ನಮ್ಮ ಕಡೆಯ ಎಲ್ಲ ಮದುವೆಗಳಲ್ಲೂ ಯಾರಾದರೊಬ್ಬರು ಹೇಳುತ್ತಾರೆ. ನನ್ನ ಮದುವೆಯಲ್ಲಿ ಹೆಣ್ಣಿನ ಕಡೆಯವರನ್ನು ಕೂರಿಸಿಕೊಂಡು ಹೇಳಿದರು.

ಆ ಇಸವಿಯೇನೂ ಸುಳ್ಳಲ್ಲ. 1834ರಲ್ಲಿ ಬಾಸೆಲಿನಿಂದ ಹೊರಟ ಮೂವರು ಮಿಶನರಿಗಳು ಮಂಗಳೂರಿಗೆ ಬಂದರು. ಸುವಾರ್ತೆಯ ಬೆನ್ನಿಗೆ ಶಾಲೆ ಬಂತು, ಅಚ್ಚುಕೂಟ ಬಂತು, ಮಗ್ಗ ಬಂತು, 1843ರಲ್ಲಿ ಮೊಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಪತ್ರಿಕೆ ಬಂತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಮಣ್ಣನ್ನು ಮುಟ್ಟಿ ನೋಡಿ ಹೆಂಚಿನ ಕಾರ್ಖಾನೆ ಹಾಕಿಯೇಬಿಟ್ಟರು. ಕ್ರೈಸ್ತರಾದ ಮೇಲೆ ಹಳೆಯ ಕಸುಬೂ ಹಳೆಯ ಧಣಿಗಳೂ ಕೈಬಿಟ್ಟವರಿಗೆ ಹೊಟ್ಟೆಪಾಡಿಗೆ ಏನಾದರೂ ಬೇಕಿತ್ತಲ್ಲ. ನನ್ನ ಮುತ್ತಜ್ಜ ಅಲ್ಲಿ ಮಣ್ಣಿನ ಕೆಲಸಕ್ಕೆ ಸೇರಿದವನು. ಹಾಗಾಗಿ ನಮ್ಮ ಮನೆತನಕ್ಕೆ ನಂಬಿಕೆಯೂ ಹೆಂಚೂ ಒಂದೇ ಬಾಗಿಲಿನಿಂದ ಬಂದವು. ಜರ್ಮನ್ ರಾಗಗಳೂ ಬಂದವು. ಕನ್ನಡ ನಾಡಿಗೆಲ್ಲ ಇದೇ ಮಿಶನ್ನಿನ ಕಿಟೆಲ್ ಎಂದರೆ 1894ರ ನಿಘಂಟು. ಅಜ್ಜಿಯ ಬಾಯಲ್ಲಿ ಆತ ‘ಕಥಾಮಾಲೆ’ ಬರೆದ ಕಿಟೆಲ್. ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ಕೂರಿಸಿ 1862ರಲ್ಲೇ ಹಾಡಿದವನು ಆಮೇಲೆ ಪದಗಳನ್ನು ಪಟ್ಟಿ ಮಾಡುತ್ತ ಯಾಕೆ ಕೂತ ಎಂಬುದು ಅವರಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಸಂಡೆ ಸ್ಕೂಲಿನಲ್ಲಿ ವಾರಕ್ಕೊಂದು ವಚನ ಬಾಯಿಪಾಠ ಒಪ್ಪಿಸಬೇಕು. ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು ಎಂದು ಟೀಚರ್ ಒಮ್ಮೆ ಉದಾರವಾಗಿ ಹೇಳಿದ್ದೇ ತಪ್ಪಾಯಿತು. ಮರುವಾರ ಗಂಡುಹುಡುಗರೆಲ್ಲ ಸಾಲಾಗಿ ನಿಂತು ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದ ಮೂವತ್ತೈದನೆಯ ವಚನವನ್ನೇ ಒಪ್ಪಿಸಿದೆವು. ಬೈಬಲ್ ಓದಿದವರಿಗೆ ಗೊತ್ತು, ಅದಕ್ಕಿಂತ ಗಿಡ್ಡ ವಚನ ಸಿಗುವುದು ಕಷ್ಟ. ಸತ್ತ ಗೆಳೆಯನ ಸಮಾಧಿಯ ಬಳಿ ಯೇಸು ಅತ್ತದ್ದನ್ನು ಹೇಳುವ ಮಾತು ಅದು. ನಾವು ಅದನ್ನು ಹಲ್ಲುಕಿಸಿದುಕೊಂಡು ಹೇಳಿದೆವು. ಆ ವಚನಕ್ಕೆ ನಿಷೇಧ ಬಿತ್ತು. ನನ್ನ ದೊಡ್ಡಪ್ಪನ ಮಗ ಮಾತ್ರ ಅಸಾಧ್ಯ ಜಾಣ. ಅವನು ಕೀರ್ತನೆಗಳ ಪುಸ್ತಕವನ್ನೆಲ್ಲ ತಡಕಾಡಿ 117ನೆಯದನ್ನು ಹಿಡಿದ. ಅದರಲ್ಲಿರುವುದು ಎರಡೇ ವಚನ. ‘ಇಡೀ ಒಂದು ಕೀರ್ತನೆಯನ್ನು ಬಾಯಿಪಾಠ ಮಾಡಿದ ಬಾಲಕ’ ಎಂದು ಕ್ರಿಸ್ಮಸ್ ಹೊತ್ತಿಗೆ ಅವನಿಗೆ ಬಹುಮಾನವೂ ಬಂತು. ಇನ್ನೊಬ್ಬಳು ಹುಡುಗಿ ಯಾವ ಹುಮ್ಮಸ್ಸಿನಲ್ಲೋ 119ನೆಯ ಕೀರ್ತನೆಗೆ ಕೈಹಾಕಿದಳು. ಅದರಲ್ಲಿ 176 ವಚನ. ಅವಳಿಗೇನೂ ಸಿಗಲಿಲ್ಲ, ಯಾಕೆಂದರೆ ಮುಗಿಸಲಿಲ್ಲ. ನಮ್ಮ ದೊಡ್ಡಪ್ಪನ ಮಗ ಈಗ ಲೆಕ್ಕಪರಿಶೋಧಕ.

ಯೋನನ ಕಥೆಯ ದಿನ ನಾನೊಂದು ಪ್ರಶ್ನೆ ಕೇಳಿ ಬೆಂಚಿನ ಮೇಲೆ ನಿಂತೆ. ದಕ್ಕೆಗೆ ಹೋಗಿ ಅಪ್ಪನ ಜೊತೆ ಮೀನು ತರುವ ಹುಡುಗ ನಾನು. ಬಂಗುಡೆ, ಬೂತಾಯಿ, ಅಂಜಲ್, ತೊರಕೆ ಎಲ್ಲ ಗೊತ್ತು. ಮನುಷ್ಯನನ್ನು ನುಂಗುವ ಮೀನು ಯಾವುದು, ನುಂಗಿ ಮೂರು ದಿನ ಇಟ್ಟುಕೊಳ್ಳುವುದು ಹೇಗೆ, ಮಂಜುಗಡ್ಡೆ ಇಲ್ಲದೆ ಒಂದು ದಿನದಲ್ಲಿ ಕೆಡುವುದಿಲ್ಲವೇ ಎಂಬುದು ನನ್ನ ಸಂದೇಹ. ಇದು ನಾಸ್ತಿಕನ ಪ್ರಶ್ನೆ ಅಲ್ಲ, ಗಿರಾಕಿಯ ಪ್ರಶ್ನೆ. ಟೀಚರ್‌ಗೆ ಹಾಗೆ ಅನ್ನಿಸಲಿಲ್ಲ. “ದೊಡ್ಡ ಮೀನು ಅಂತ ಬರೆದುಂಟು, ದೊಡ್ಡ ಮೀನೇ. ನಿಲ್ಲು ಬೆಂಚಿನ ಮೇಲೆ.” ಪುಸ್ತಕದಲ್ಲಿರುವುದೂ ಅಷ್ಟೇ ನಿಜ. ಜಾತಿ ಹೇಳಿಲ್ಲ.

ಮಕ್ಕಳ ನಂಬಿಕೆ ನಿರ್ಮಲವಾದದ್ದು, ಅದು ದೊಡ್ಡವರಾದ ಮೇಲೆ ಕೆಡುತ್ತದೆ ಎಂದು ಪ್ರಸಂಗಗಳಲ್ಲಿ ಕೇಳುತ್ತ ಬಂದಿದ್ದೇನೆ. ನನಗೆ ಒಪ್ಪಿಗೆ ಇಲ್ಲ. ನನ್ನ ಬಾಲ್ಯದ ನಂಬಿಕೆ ಬಹಳ ಆಸೆಬುರುಕ ನಂಬಿಕೆ. ಜುಲೈ ತಿಂಗಳಿನಲ್ಲಿ ರಾತ್ರಿ ಮಂಡಿಯೂರಿ ನಾನು ಬೇಡುತ್ತಿದ್ದುದು ಒಂದೇ: ನಾಳೆ ಜಿಲ್ಲಾಧಿಕಾರಿಗಳು ಮಳೆಯ ರಜೆ ಘೋಷಿಸಲಿ. ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಈ ಪ್ರಾರ್ಥನೆಯ ಆಳ ಅರ್ಥವಾಗುತ್ತದೆ. ರಜೆ ಸಿಕ್ಕಿದರೆ ದೇವರು ದೊಡ್ಡವನು. ಸಿಗದಿದ್ದರೆ ತಪ್ಪು ಜಿಲ್ಲಾಧಿಕಾರಿಯದು. ಹೀಗೆ ದೇವರ ಮಾನವನ್ನು ಸರಕಾರದ ಖರ್ಚಿನಲ್ಲಿ ಕಾಪಾಡಿಕೊಂಡು ಬಂದೆ. ನಮ್ಮ ಸಂಡೆ ಸ್ಕೂಲಿನ ಪಿಕ್‌ನಿಕ್ಕಿನ ದಿನ ಮಳೆ ಬಾರದಿರಲಿ ಎಂದು ನಾವೂ, ಗದ್ದೆಗೆ ನೀರಿಲ್ಲ ಎಂದು ಕಂಕನಾಡಿಯ ಆಚೆಗಿನ ನೆಂಟರೂ ಒಂದೇ ರಾತ್ರಿ ಬೇಡಿಕೊಂಡಾಗ ಏನಾಗುತ್ತದೆ ಎಂದು ಅಪ್ಪನನ್ನು ಕೇಳಿದ್ದೆ. “ಅರ್ಧರ್ಧ ಬರ್ತದೆ” ಎಂದರು. ಆ ದಿನ ಮಳೆ ಬಂದದ್ದೂ ಅರ್ಧವೇ. ಬುತ್ತಿ ಬಿಚ್ಚುವ ಹೊತ್ತಿಗೆ.

ಶಿಷ್ಯರು ತಮ್ಮಲ್ಲಿ ಯಾರು ದೊಡ್ಡವರೆಂದು ಜಗಳವಾಡುತ್ತಿದ್ದಾಗ ಯೇಸು ಒಂದು ಮಗುವನ್ನು ಕರೆದು ನಡುವೆ ನಿಲ್ಲಿಸಿದ ಕಥೆ ಉಂಟಲ್ಲ, ಅದನ್ನು ಎತ್ತಿ ನನ್ನ ಬಾಯಿ ಮುಚ್ಚಿಸುವವರಿದ್ದಾರೆ. ಸುವಾರ್ತೆಯನ್ನು ಮತ್ತೆ ತೆಗೆದು ನೋಡಿದೆ. ಆ ಮಗು ಒಂದು ಮಾತೂ ಆಡುವುದಿಲ್ಲ. ಆಡಿದ್ದರೆ ತಿನ್ನಲು ಏನಾದರೂ ಕೇಳುತ್ತಿತ್ತು.

ಪ್ರಾರ್ಥನೆ ಎಂದೆನಲ್ಲ, ನಮ್ಮ ಮನೆಯಲ್ಲಿ ಅದು ಅಜ್ಜಿಯ ಇಲಾಖೆ. ಸಂಜೆ ಏಳೂವರೆಗೆ ಚಾವಡಿಯಲ್ಲಿ ಎಲ್ಲರೂ ಕೂರಬೇಕು. ಒಂದು ಸಂಗೀತ, ಒಂದು ವೇದಭಾಗ, ಆಮೇಲೆ ಪ್ರಾರ್ಥನೆ. ಸಂಗೀತಕ್ಕೆ ಐದು ನಿಮಿಷ, ವೇದಭಾಗಕ್ಕೆ ಐದು ನಿಮಿಷ, ಪ್ರಾರ್ಥನೆಗೆ ಲೆಕ್ಕವಿಲ್ಲ. ಅಜ್ಜಿಗೆ ಒಂದು ಪಟ್ಟಿ ಇತ್ತು. ಬರೆದಿಟ್ಟದ್ದಲ್ಲ, ತಲೆಯಲ್ಲಿದ್ದದ್ದು. ಮೊದಲು ಸಭೆ ಮತ್ತು ಸಭಾಪಾಲಕರು. ಆಮೇಲೆ ಆಳುವವರು; ಆ ವರ್ಷ ಯಾವ ಪಕ್ಷ ಗೆದ್ದಿದ್ದರೂ ಅಜ್ಜಿಯ ದನಿಯಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ, ಅನುಮಾನ ಎಲ್ಲರ ಮೇಲೂ ಸಮವಾಗಿತ್ತು. ಆಮೇಲೆ ಕಡಲಿಗೆ ಹೋಗಿ ಇನ್ನೂ ಬಾರದವರು. ಮಸ್ಕತ್, ದುಬೈ, ಮುಂಬಯಿಯಲ್ಲಿರುವ ಮಕ್ಕಳು ಮೊಮ್ಮಕ್ಕಳು, ಹಿರಿತನದ ಪ್ರಕಾರ. ಮೂಲೆಯಂಗಡಿಯ ಮಾಮ್‌ನ ಮಂಡಿನೋವು. ತೆಂಗಿನಕಾಯಿ ಕೊಳ್ಳಲು ಬರುವ ಬ್ಯಾರಿಯ ಸಾಲ. ಮೀನಿನಾಕೆಯ ಮಗಳ ಬಾಣಂತನ. ಕೊನೆಗೆ ಆಚೆಮನೆಯವರ ದನ. ಆ ದನ ಕರು ಹಾಕುವ ತಿಂಗಳಲ್ಲಿ ಮಸ್ಕತ್ತಿನ ದೊಡ್ಡಪ್ಪನಿಗಿಂತ ಮುಂದಕ್ಕೆ ಹೋಗುತ್ತಿತ್ತು.

ಅಡುಗೆಕೋಣೆಯಿಂದ ಬಂಗುಡೆ ಪುಳಿಮುಂಚಿಯ ಪರಿಮಳ ತೆಳ್ಳಗೆ ಹರಿದು ಬರುತ್ತಿರುವಾಗ ಇಷ್ಟು ಜನರ ಯೋಗಕ್ಷೇಮವನ್ನು ಕೇಳುತ್ತ ಕೂರುವುದು ಮಕ್ಕಳಿಗೆ ಅಗ್ನಿಪರೀಕ್ಷೆ. ಅದರಲ್ಲೂ ಅಜ್ಜಿಯ ಪ್ರಾರ್ಥನೆಯಲ್ಲಿ ಸುಳ್ಳು ಮುಕ್ತಾಯಗಳಿದ್ದವು. ದನಿ ಇಳಿಯುತ್ತದೆ, ಉಸಿರು ನಿಲ್ಲುತ್ತದೆ, ನಾವೆಲ್ಲ ಆಮೆನ್ ಎನ್ನಲು ಬಾಯಿ ತೆರೆಯುತ್ತೇವೆ. ಆಗ, “ಇನ್ನೂ ಕರ್ತನೇ...” ಎಂದು ಹೊಸ ಊರೊಂದು ಶುರುವಾಗುತ್ತದೆ. ಒಮ್ಮೆ ನನ್ನ ತಂಗಿ ಇಂಥ ಒಂದು ಸಂದಿಯಲ್ಲಿ ಗಟ್ಟಿಯಾಗಿ ಆಮೆನ್ ಹೇಳಿ, ಎದ್ದು, ಕೈತೊಳೆದು, ಮಣೆ ಹಾಕಿ ಕೂತೇಬಿಟ್ಟಳು. ಅಪ್ಪ ಕಣ್ಣುಮುಚ್ಚಿದಂತೆಯೇ ಮೆಲ್ಲಗೆ, “ಆಮೆನ್‌ಗೆ ಇನ್ನೂ ಹೊತ್ತುಂಟು, ಬಾ” ಎಂದರು. ಅಜ್ಜಿ ಆ ಮಾತನ್ನು ಕೇಳಿಸಿಕೊಂಡೂ ನಿಲ್ಲಿಸಲಿಲ್ಲ. ತಂಗಿಯ ತಾಳ್ಮೆಗಾಗಿ ಒಂದು ವಾಕ್ಯ ಹೆಚ್ಚಿಗೆ ಸೇರಿಸಿದರು.

ಈಗ ದೃಢೀಕರಣದ ವಿಷಯ. ನಮ್ಮಲ್ಲಿ ಮಗುವಿದ್ದಾಗಲೇ ದೀಕ್ಷಾಸ್ನಾನ. ಪಾಪ, ಮಗುವಿಗೆ ಏನು ಗೊತ್ತು. ನಂಬುತ್ತೇವೆ ಎಂದು ತಂದೆತಾಯಿಗಳು ಪರವಾಗಿ ಹೇಳುತ್ತಾರೆ. ಮೀಸೆ ಚಿಗುರುವ ಹೊತ್ತಿಗೆ ತರಗತಿ ನಡೆಸಿ, ಪರೀಕ್ಷೆ ಮಾಡಿ, ಸಭೆಯ ಮುಂದೆ ನಿಲ್ಲಿಸಿ, ಅದನ್ನೇ ನಮ್ಮ ಬಾಯಿಂದ ಹೇಳಿಸುವುದು ದೃಢೀಕರಣ. ಆಮೇಲೆ ಕರ್ತನ ಭೋಜನಕ್ಕೆ ಕೂರಬಹುದು. ಕ್ರಿಸ್ಮಸ್ಸಿಗೆ ನಮ್ಮಮ್ಮ ನನಗೆ ಅಂಗಿ ಹೊಲಿಸುತ್ತಿದ್ದ ರೀತಿಯೂ ಹೀಗೇ. “ಬೆಳೆಯುವ ಹುಡುಗ, ಸ್ವಲ್ಪ ದೊಡ್ಡದೇ ಇರ್ಲಿ” ಎಂದು ದರ್ಜಿಗೆ ಹೇಳುವರು. ದರ್ಜಿ ಅಮ್ಮನಿಗಿಂತ ದೂರದೃಷ್ಟಿಯವನು. ಹೆಗಲು ಮೊಣಕೈಗೆ ಬಂದಿರುತ್ತಿತ್ತು. ನಂಬಿಕೆಯ ಅಂಗಿಯನ್ನೂ ಹೀಗೆ ಅಳತೆ ಮೀರಿ ಹೊಲಿಸಿಯೇ ತೊಡಿಸುತ್ತಾರೆ. ದೃಢೀಕರಣದ ದಿನ ಸರಿಯಾಗುತ್ತದೆ ಎಂಬ ಅಂದಾಜು. ನನಗೆ ಅವತ್ತೂ ತೋಳು ಮಡಚಬೇಕಾಯಿತು.

ತರಗತಿಯ ಪದ್ಧತಿ ಪ್ರಶ್ನೋತ್ತರ. ಲೂಥರ್ 1529ರಲ್ಲಿ ಚಿಕ್ಕ ಪ್ರಶ್ನೋತ್ತರಿ ಬರೆದದ್ದು ಮನೆಯ ಯಜಮಾನ ತನ್ನ ಮನೆಮಂದಿಗೆ ಕಲಿಸಲಿ ಎಂದು. ಅಂದರೆ ಪ್ರಶ್ನೆ ಕೇಳುವವನು ಅಪ್ಪ, ಉತ್ತರ ಹೇಳುವವರು ಮಕ್ಕಳು. ಪ್ರಶ್ನೆಗೆ ಉತ್ತರ ಮೊದಲೇ ಅಚ್ಚಾಗಿರುವುದರಿಂದ ಮನೆಯಲ್ಲಿ ಶಾಂತಿ. ಆದರೆ ಹುಡುಗನೇ ಪ್ರಶ್ನೆ ಕೇಳಲು ತೊಡಗಿದರೆ? ಎಡ್ಮಂಡ್ ಗಾಸ್ ಎಂಬ ಇಂಗ್ಲಿಷ್ ಸಾಹಿತಿ 1907ರಲ್ಲಿ ‘ಫಾದರ್ ಅಂಡ್ ಸನ್’ ಎಂಬ ಪುಸ್ತಕ ಬರೆದ. ಅವನ ಅಪ್ಪ ಜೀವವಿಜ್ಞಾನಿ, ಕಡಲ ಜೀವಿಗಳನ್ನು ಕಂಡವನು, ಅದೇ ಹೊತ್ತಿಗೆ ಕಟ್ಟುನಿಟ್ಟಿನ ಬ್ರೆದ್ರೆನ್ ಪಂಗಡದವನು. ವಿಗ್ರಹಾರಾಧನೆ ಮಾಡಿದರೆ ದೇವರು ಸಿಟ್ಟಾಗುತ್ತಾನೆ ಎಂದು ಅಪ್ಪ ಹೇಳಿದ್ದನ್ನು ಪರೀಕ್ಷಿಸಬೇಕೆಂದು ಪುಟ್ಟ ಗಾಸ್ ಅಪ್ಪ ಅಮ್ಮ ಮನೆಯಲ್ಲಿ ಇಲ್ಲದಾಗ ಒಂದು ಕುರ್ಚಿಯನ್ನು ಮೇಜಿನ ಮೇಲೇರಿಸಿ, ಅದರ ಮುಂದೆ ಮಂಡಿಯೂರಿ ದಿನದ ಪ್ರಾರ್ಥನೆಯನ್ನು ಪೂರ್ತಿ ಒಪ್ಪಿಸಿದ. ಆಮೇಲೆ ಕಾದ. ಸಿಡಿಲು ಬೀಳಲಿಲ್ಲ. ಏನೂ ಆಗಲಿಲ್ಲ. ಅವನಿಗೆ ದೇವರ ಮೇಲೆ ಸಂಶಯ ಬರಲಿಲ್ಲ; ದೇವರ ಬಗ್ಗೆ ಅಪ್ಪನಿಗೆ ಗೊತ್ತಿರುವುದರ ಮೇಲೆ ಬಂತು. ಇದೇ ಹುಡುಗನನ್ನು ಹತ್ತು ವರ್ಷ ಆದಾಗ, ಇವನ ನಂಬಿಕೆ ಪಕ್ವವಾಗಿದೆ ಎಂದು ದೊಡ್ಡವರ ಸಾಲಿಗೆ ಸೇರಿಸಿ ದೀಕ್ಷಾಸ್ನಾನ ಕೊಟ್ಟರು. ಕುರ್ಚಿಯ ಸಂಗತಿ ಆ ಸಭೆಗೆ ತಿಳಿದಿರಲಿಲ್ಲ ಎಂದು ಕಾಣುತ್ತದೆ.

ನಮ್ಮ ಮನೆಯಲ್ಲಿ ಯಾರೂ ಕುರ್ಚಿ ಏರಿಸಲಿಲ್ಲ. ನಮಗೆ ಪರೀಕ್ಷೆ ತಾನಾಗಿ ಬಂತು. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಮೂತ್ರಕೋಶದ ಕಾಯಿಲೆಯಲ್ಲಿ ಮಲಗಿದರು. ಪಟ್ಟಿಯಲ್ಲಿ ಅವರ ಹೆಸರು ಮೊದಲಿಗೆ ಬಂತು. ಸಭಾಪಾಲಕರಿಗಿಂತಲೂ, ದೆಹಲಿಯ ಸರಕಾರಕ್ಕಿಂತಲೂ ಮುಂದೆ. ನಾನು ಮಳೆಯ ರಜೆಯನ್ನು ಬಿಟ್ಟು ಅವರಿಗಾಗಿ ಬೇಡಿದೆ, ನನಗೆ ತಿಳಿದ ಎಲ್ಲ ಚೌಕಾಸಿಯನ್ನೂ ಮಾಡಿದೆ. ಮಳೆಗಾಲ ಶುರುವಾಗುವ ಮೊದಲು ಅವರು ತೀರಿಕೊಂಡರು. ನಮ್ಮ ಕ್ರಿಕೆಟ್ಟಿಗೆ ಅಂಪೈರ್ ಅವರೇ ಆಗಿದ್ದವರು.

ಮಣ್ಣು ಮಾಡಿ ಬಂದ ಸಂಜೆ ಏಳೂವರೆಗೆ ಅಜ್ಜಿ ಚಾವಡಿಯಲ್ಲಿ ಬಂದು ಕೂತರು. ಪಟ್ಟಿ ಶುರುವಾಯಿತು. ಚಿಕ್ಕಪ್ಪನ ಹೆಸರು ಅದೇ ಜಾಗದಲ್ಲಿ, ಮೊದಲಿಗೇ ಬಂತು. ಸತ್ತವರಿಗಾಗಿ ಬೇಡಿಕೊಳ್ಳುವ ಪದ್ಧತಿ ಪ್ರೊಟೆಸ್ಟೆಂಟರಲ್ಲಿ ಇಲ್ಲ. ಪಕ್ಕದ ಕಥೊಲಿಕ್ ಮನೆಯವರು ಪೂಜೆ ಕೊಡಿಸುತ್ತಾರೆ, ನವೆಂಬರದಲ್ಲಿ ಸಮಾಧಿಗೆ ಮೇಣದಬತ್ತಿ ಹಚ್ಚುತ್ತಾರೆ. ನಮ್ಮವರು ಆ ಬಾಗಿಲನ್ನು ಹದಿನಾರನೆಯ ಶತಮಾನದಲ್ಲೇ ಹಾಕಿಕೊಂಡು ಬಿಟ್ಟರು. ವಾರವಿಡೀ ಇದನ್ನು ಕೇಳಿಸಿಕೊಂಡ ಯಾರೋ ಸುದ್ದಿ ಮುಟ್ಟಿಸಿರಬೇಕು. ಸಭಾಪಾಲಕರು ಬಂದು, ಚಹಾ ಕುಡಿದು, ಬಹಳ ಮೃದುವಾಗಿ ಆ ಮಾತನ್ನು ಎತ್ತಿದರು. ಅಜ್ಜಿ ಹೇಳಿದರು: “ಅವನಿಗಾಗಿ ಬೇಡುದಿಲ್ಲ ಅಯ್ಯನವರೇ. ಕೊಟ್ಟದ್ದಕ್ಕೆ ಸ್ತೋತ್ರ ಹೇಳುದು. ಸ್ತೋತ್ರ ಹೇಳ್ಬಾರ್ದು ಅಂತ ಉಂಟಾ?” ಅಯ್ಯನವರು ಇನ್ನೊಂದು ಲೋಟ ಚಹಾ ಕೇಳಿದರು. ಅಷ್ಟು ವರ್ಷ ದೇವಜ್ಞಾನ ಓದಿದವರಿಗೆ ನಾಲ್ಕನೆಯ ತರಗತಿಯವರೆಗೆ ಓದಿದ ಅಜ್ಜಿ ಕೊಟ್ಟ ಉತ್ತರದಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಹುಡುಕಲಿಲ್ಲ ಎನ್ನುವುದೇ ಸರಿ; ಅವರು ಒಳ್ಳೆಯವರು.

ನನಗೆ ಮಾತ್ರ ಸ್ತೋತ್ರ ಹೇಳುವ ಮನಸ್ಸಿರಲಿಲ್ಲ. ಪ್ರತಿಭಟನೆಗೆ ನಾನು ಆರಿಸಿಕೊಂಡ ದಾರಿ ಕಣ್ಣು ತೆರೆದಿಡುವುದು. ಎಲ್ಲರೂ ಕಣ್ಣುಮುಚ್ಚಿ ತಲೆಬಾಗಿಸಿದಾಗ ನಾನೊಬ್ಬ ನೆಟ್ಟಗೆ ಕೂತು ಗೋಡೆ ನೋಡುವುದು. ಬಹಳ ದೊಡ್ಡ ಬಂಡಾಯ ಎಂದುಕೊಂಡಿದ್ದೆ. ಇದರ ತೊಂದರೆ ಏನೆಂದರೆ, ಕಣ್ಣು ತೆರೆದವನಿಗೆ ಇನ್ನಾರು ತೆರೆದಿದ್ದಾರೆ ಎಂಬುದೂ ಕಾಣುತ್ತದೆ. ಎದುರಿಗೆ ಅಪ್ಪ ಕೂತಿದ್ದರು, ಕಣ್ಣು ಪೂರ್ತಿ ತೆರೆದುಕೊಂಡು. ನಮ್ಮ ದೃಷ್ಟಿ ಕೂಡಿತು. ಇಬ್ಬರಿಗೂ ಸಿಕ್ಕಿಬಿದ್ದ ಭಾವ. ಅವರು ಬೈಯಲಿಲ್ಲ, ಕಣ್ಣು ಮುಚ್ಚಲೂ ಇಲ್ಲ. ಹುಬ್ಬಿನಿಂದ ಅಡುಗೆಕೋಣೆಯ ಕಡೆ ತೋರಿಸಿದರು. ಬೆಕ್ಕು ಮೀನಿನ ಪಾತ್ರೆಯ ಹತ್ತಿರಕ್ಕೆ ಹೋಗುತ್ತಿತ್ತು. ನಾನು ಎದ್ದುಹೋಗಿ ಓಡಿಸಿ ಬಂದೆ. ತಮ್ಮನನ್ನು ಕಳೆದುಕೊಂಡ ಆ ಮನುಷ್ಯ ಎಷ್ಟು ಕಾಲದಿಂದ ಹಾಗೆ ಕೂರುತ್ತಿದ್ದರೋ, ಏನು ನಂಬುತ್ತಿದ್ದರೋ, ಏನು ಬಿಟ್ಟಿದ್ದರೋ, ಒಂದು ಮಾತೂ ಆಡಿದವರಲ್ಲ. ಏಳೂವರೆಗೆ ಬಂದು ಕೂರುವುದನ್ನು ಮಾತ್ರ ತಪ್ಪಿಸಲಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಕಾಯಿಲೆಯ ಮಗನನ್ನು ಕರೆತಂದ ಒಬ್ಬ ತಂದೆ ಉಂಟು. ನಂಬುತ್ತೇನೆ ಎನ್ನುತ್ತಾನೆ, ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೂ ಸಹಾಯ ಬೇಡುತ್ತಾನೆ. ಯೇಸು ಅವನನ್ನು ಬೆಂಚಿನ ಮೇಲೆ ನಿಲ್ಲಿಸಲಿಲ್ಲ, ಮಗನನ್ನು ಗುಣಮಾಡಿ ಕಳಿಸಿದ. ಆ ಭಾಗ ಓದುವಾಗೆಲ್ಲ ನನಗೆ ಕಾಣುವುದು ಅಪ್ಪನ ಹುಬ್ಬು.

ಇಂಥ ಮನೆಗಳಿಂದ ಎದ್ದುಹೋದವರೂ ಇದ್ದಾರೆ. ಮಿಶನ್ನಿನ ಸೆಮಿನರಿ ಇದ್ದ ನಮ್ಮ ಬಲ್ಮಠದ ಗುಡ್ಡಕ್ಕೇ ಇದರ ಒಂದು ಎಳೆ ಅಂಟಿಕೊಂಡಿದೆ. 1869ರಲ್ಲಿ ಯೋಹಾನೆಸ್ ಹೆಸ್ಸೆ ಎಂಬ ಯುವಕ ಮಿಶನರಿಯಾಗಿ ಮಂಗಳೂರಿಗೆ ಬಂದು ಇಲ್ಲಿನ ಸೆಮಿನರಿಯಲ್ಲಿ ಪಾಠ ಹೇಳಿದ. ಹವೆ ಒಗ್ಗದೆ, ಆರೋಗ್ಯ ಕೆಟ್ಟು 1873ರಲ್ಲಿ ಯುರೋಪಿಗೆ ಹಿಂದಿರುಗಿದ. ಅಲ್ಲಿ ಮದುವೆಯಾದದ್ದು ಮಲೆಯಾಳದ ನಿಘಂಟುಕಾರ ಗುಂಡರ್ಟ್‌ನ ಮಗಳನ್ನು. ಆಕೆ ಹುಟ್ಟಿದ್ದು ತಲಶ್ಶೇರಿಯಲ್ಲಿ. 1877ರಲ್ಲಿ ಅವರಿಗೆ ಹುಟ್ಟಿದ ಮಗನನ್ನು ಅಜ್ಜನಂತೆ, ಅಪ್ಪನಂತೆ ದೇವರ ಕೆಲಸಕ್ಕೆ ಹಾಕಬೇಕೆಂದು ಮೌಲ್ಬ್ರಾನ್ ಸೆಮಿನರಿಗೆ ಸೇರಿಸಿದರು. ಹುಡುಗ 1892ರಲ್ಲಿ ಅಲ್ಲಿಂದ ಓಡಿಹೋದ. ಹೆರ್ಮನ್ ಹೆಸ್ಸೆ! ‘ಸಿದ್ಧಾರ್ಥ’ ಬರೆದವನು, 1946ರಲ್ಲಿ ನೊಬೆಲ್ ಪಡೆದವನು. 1911ರಲ್ಲಿ ಪೂರ್ವದೇಶಕ್ಕೆಂದು ಹಡಗು ಹತ್ತಿದ ಆತ ಸಿಂಹಳ, ಸುಮಾತ್ರಾ ನೋಡಿ ಹಿಂದಿರುಗಿದ. ತಾಯಿ ಹುಟ್ಟಿದ ಊರಿಗಾಗಲಿ, ಅಪ್ಪ ಪಾಠ ಹೇಳಿದ ನಮ್ಮ ಗುಡ್ಡಕ್ಕಾಗಲಿ ಬರಲೇ ಇಲ್ಲ. ಅಪ್ಪನ ನಂಬಿಕೆಯ ಅಂಗಳದಿಂದ ಅಷ್ಟು ದೂರ ಹೋದವನೂ 1931ರಲ್ಲಿ ತನ್ನ ನಂಬಿಕೆಯ ಬಗ್ಗೆ ಒಂದು ಪ್ರಬಂಧ ಬರೆಯಲು ಕೂತಾಗ ಆ ಮನೆಯಿಂದಲೇ ಶುರುಮಾಡಬೇಕಾಯಿತು. ನಾನು ಓಡಿಹೋಗಲಿಲ್ಲ. ಅದಕ್ಕೆ ಧೈರ್ಯ ಬೇಕು, ಮೇಲಾಗಿ ನನಗೆ ರಾತ್ರಿ ಊಟ ಮನೆಯಲ್ಲೇ ಆಗಬೇಕು.

ಅಮೆರಿಕದ ಜೇಮ್ಸ್ ಫೌಲರ್ ಎಂಬ ದೇವಜ್ಞಾನಿ ನೂರಾರು ಜನರನ್ನು ಮಾತಾಡಿಸಿ, ಮನುಷ್ಯನ ನಂಬಿಕೆ ಆರು ಹಂತಗಳಲ್ಲಿ ಬೆಳೆಯುತ್ತದೆ ಎಂದು 1981ರಲ್ಲಿ ಪುಸ್ತಕ ಬರೆದ. ಕಥೆಗಳನ್ನು ಅಕ್ಷರಶಃ ನಂಬುವುದು, ಸುತ್ತಲಿನವರು ನಂಬಿದ್ದನ್ನು ನಂಬುವುದು, ಆಮೇಲೆ ತಾನೇ ತೂಗಿ ನೋಡುವುದು, ಹೀಗೆ ಮೇಲಕ್ಕೆ. ಓದಿ ನಾನು ಬಹಳ ಪ್ರಭಾವಿತನಾದೆ. ಅಜ್ಜಿಯನ್ನು ಯಾವ ಮೆಟ್ಟಿಲ ಮೇಲೆ ನಿಲ್ಲಿಸಬಹುದು ಎಂದು ಯೋಚಿಸಿ, ಅವರಿಗೇ ವಿವರಿಸಿ ಕೇಳಿದೆ. “ನನಗೆ ಮೆಟ್ಲು ಹತ್ಲಿಕ್ಕೆ ಆಗುದಿಲ್ಲ ಮಾರಾಯ, ಮಂಡಿ ನೋವು” ಎಂದರು.

ಮಂಡಿಯ ಜೊತೆಗೆ ಗಂಟಲೂ ಕೈಕೊಟ್ಟಿತು. ನಾನಾಗ ಬ್ಯಾಂಕಿನಲ್ಲಿ ಅಧಿಕಾರಿ, ರಜೆಯಲ್ಲಿ ಊರಿಗೆ ಬಂದವನು. ಏಳೂವರೆಗೆ ಅಜ್ಜಿಗೆ ದನಿಯೇ ಹೊರಡದು. ಅಪ್ಪ ಅಂಗಳದ ಆಚೆ ಏನೋ ಕೆಲಸವಿದೆಯೆಂದು ಎದ್ದುಹೋದರು, ಆ ಹೊತ್ತಿಗೆ ಅಂಗಳದಲ್ಲಿ ಕತ್ತಲೆಯ ಹೊರತು ಏನೂ ಇರಲಿಲ್ಲ. ಅಜ್ಜಿ ನನ್ನ ಕಡೆ ಬೆರಳು ತೋರಿಸಿದರು. ಪ್ರಾರ್ಥನೆ ಹೇಳಿ ರೂಢಿಯಿಲ್ಲದ ಬಾಯಿ. ದಿನವಿಡೀ ಪತ್ರ ಬರೆಸುವ ಬಾಯಿ. “ಪರಲೋಕದ ತಂದೆಯೇ” ಎಂದು ಶುರುಮಾಡಿದ್ದೇನೋ ಸರಿಯಾಯಿತು. ಮುಂದೆ, “ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ” ಎಂದುಬಿಟ್ಟೆ. ತಂಗಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹಿಂದೆ ಸರಿಯುವ ಹಾಗಿಲ್ಲ. ಮಾಮ್‌ನ ಮಂಡಿಯ ವಿಷಯದಲ್ಲಿ ಶೀಘ್ರ ಕ್ರಮ ಕೈಗೊಳ್ಳಬೇಕೆಂದೂ, ಬ್ಯಾರಿಯ ಸಾಲವನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕೆಂದೂ ಕೋರಿದೆ. ಚಿಕ್ಕಪ್ಪನ ಹೆಸರು ಬಂದಾಗ ಮಾತ್ರ ಕಚೇರಿಯ ಯಾವ ಒಕ್ಕಣೆಯೂ ಒದಗಲಿಲ್ಲ. ಅಜ್ಜಿ ಪಿಸುದನಿಯಲ್ಲಿ “ಸ್ತೋತ್ರ” ಎಂದರು. ನಾನೂ ಸ್ತೋತ್ರ ಎಂದೆ. ಅಂದು ಅದನ್ನು ಮನಸಾರೆ ಹೇಳಿದೆನೆಂದರೆ ಉತ್ಪ್ರೇಕ್ಷೆಯಾಗುತ್ತದೆ. ಹೇಳಿದೆ, ಅಷ್ಟೇ. ಮನಸ್ಸು ನಿಧಾನವಾಗಿ ಬಂತು, ಅದಕ್ಕೂ ವರ್ಷಗಳು ಹಿಡಿದವು.

ಅಜ್ಜಿ ಹೋದ ಮೇಲೆ ಪಟ್ಟಿ ನನ್ನ ಪಾಲಿಗೆ ಬಂತು. ದೊಡ್ಡಪ್ಪನ ಮಗನಿಗೆ ಹಿತ್ತಲಿನ ತೆಂಗು, ತಂಗಿಗೆ ಕರಿಮಣಿ, ನನಗೆ ಇದು. ಹೆಸರುಗಳು ಬದಲಾಗಿವೆ. ಮಾಮ್‌ನ ಅಂಗಡಿಯನ್ನು ಮಗ ನಡೆಸುತ್ತಾನೆ. ಮಂಡಿ ಅವನದೂ ನೋಯುತ್ತದೆ. ಆಳುವವರು ಯಥಾಪ್ರಕಾರ. ನನಗೆ ನಂಬಿಕೆ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಮೊದಲೆಲ್ಲ ದಿನವೂ ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದೆ. ಈಗ ಅಷ್ಟು ಪುರಸೊತ್ತು ಸಿಗುವುದಿಲ್ಲ. ಕೆಲವು ಸಂಜೆ ಒಳಗೆ ಏನೂ ಇರುವುದಿಲ್ಲ, ಖಾಲಿ. ಹಾಗೆಂದು ಮೀನಿನಾಕೆಯ ಮೊಮ್ಮಗಳ ನರ್ಸಿಂಗ್ ಪರೀಕ್ಷೆಯನ್ನು ಬಿಟ್ಟುಬಿಡಲಾಗುತ್ತದೆಯೇ? ಆಕೆ ಬೆಳಿಗ್ಗೆ ಬುಟ್ಟಿ ಇಳಿಸಿ ಕೇಳುತ್ತಾಳೆ. ಖಾಲಿ ಸಂಜೆಗಳಿಗೂ ಬೈಬಲಿನಲ್ಲಿ ಜೊತೆ ಉಂಟು: 150 ಕೀರ್ತನೆಗಳಲ್ಲಿ 88ನೆಯದು ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲ. ಅದನ್ನು ಬರೆದವನೂ ದೇವರನ್ನೇ ಕರೆದು ಹೇಳಿದ್ದಾನೆ. ಬೇರೆ ವಿಳಾಸಕ್ಕೆ ಕಳಿಸಿಲ್ಲ. ಅದನ್ನು ಕಿತ್ತುಹಾಕದೆ ಉಳಿಸಿಕೊಂಡವರ ಮೇಲೆ ನನಗೆ ಗೌರವ.

ಯೋನನ ಪುಸ್ತಕವನ್ನೂ ಈಚೆಗೆ ಮತ್ತೆ ಓದಿದೆ. ನಾಲ್ಕೇ ಅಧ್ಯಾಯ. ಮೀನಿನ ಸಂಗತಿಗೆ ಮೂರು ವಚನ ಸಿಕ್ಕಿದರೆ ಹೆಚ್ಚು. ಉಳಿದದ್ದೆಲ್ಲ ಒಬ್ಬ ಪ್ರವಾದಿಯ ಮುನಿಸು. ಶತ್ರುಗಳ ಊರು ಹಾಳಾಗುತ್ತದೆ ಎಂದು ಸಾರಿಬಂದರೆ, ಆ ಊರು ಪಶ್ಚಾತ್ತಾಪಪಟ್ಟು ದೇವರು ಮನ್ನಿಸಿಬಿಟ್ಟ. ತನ್ನ ಮಾತು ಸುಳ್ಳಾಯಿತೆಂದು ಈತ ಬಿಸಿಲಿನಲ್ಲಿ ಕೂತು ಮುಖ ಊದಿಸಿಕೊಂಡಿದ್ದಾನೆ. ಪುಸ್ತಕ ಮುಗಿಯುವುದು ದೇವರ ಒಂದು ಪ್ರಶ್ನೆಯಿಂದ. ಲಕ್ಷಕ್ಕೂ ಮೀರಿ ಜನರಿರುವ ಆ ಊರಿನ ಮೇಲೆ ನನಗೆ ಕನಿಕರ ಬೇಡವೇ ಎಂದು ಕೇಳಿ, ಅಲ್ಲಿನ ದನಕರುಗಳನ್ನೂ ಲೆಕ್ಕಕ್ಕೆ ಸೇರಿಸುತ್ತಾನೆ. ಪುಸ್ತಕದ ಕೊನೆಯ ಮಾತು ದನಗಳದ್ದು! ಮೀನಿನ ಜಾತಿ ಕೇಳಿ ಬೆಂಚಿನ ಮೇಲೆ ನಿಂತವನಿಗೆ ಇದು ಕಾಣಲಿಲ್ಲ, ನಿಲ್ಲಿಸಿದವರೂ ತೋರಿಸಲಿಲ್ಲ. ಆಚೆಮನೆಯ ದನವನ್ನು ಪಟ್ಟಿಯ ಕೊನೆಗೆ ಇಟ್ಟುಕೊಂಡಿದ್ದ ಅಜ್ಜಿಗೆ ಗೊತ್ತಿತ್ತೋ ಏನೋ. ಅವರು ಯೋನನನ್ನು ಚೆನ್ನಾಗಿ ಓದಿದವರು.

ಈಗ ನಮ್ಮ ಚಾವಡಿಯಲ್ಲಿ ನನ್ನ ಮಗಳು ಹತ್ತನೆಯ ತರಗತಿಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಪ್ರಾರ್ಥನೆಯಲ್ಲಿ ಕಣ್ಣು ತೆರೆದೇ ಕೂರುತ್ತಾಳೆ. ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಈ ವರ್ಷ ದೃಢೀಕರಣಕ್ಕೆ ನಿಲ್ಲುತ್ತೀಯಾ ಎಂದು ಕೇಳಿದೆ. “ನೋಡುವಾ” ಎಂದಳು. ನಾನು ಒತ್ತಾಯ ಮಾಡಿಲ್ಲ. ನನ್ನ ಹೆಂಡತಿ ಮಾಡುತ್ತಾಳೆ. ಅದು ಅವಳ ಇಲಾಖೆ.

ಜೆಪ್ಪು ಕಡೆ ಬಂದರೆ ನಮ್ಮ ಮನೆಗೆ ಬನ್ನಿ. ಬಂಗುಡೆಯ ಕಾಲವಾದರೆ ಪುಳಿಮುಂಚಿ ಖಂಡಿತ. ಏಳೂವರೆಗೆ ಬಂದರೆ ನಮ್ಮೊಡನೆ ಕೂರಬೇಕಾಗುತ್ತದೆ, ಎಂಟೂವರೆಗೆ ಬಂದರೆ ನೇರ ಊಟಕ್ಕೆ. ಯಾವ ಮತದವರು, ನಂಬುವವರೋ ಅಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ. ಎರಡನೆಯ ಹೊತ್ತನ್ನೇ ಆರಿಸಿಕೊಂಡರೂ ಹೋಗುವಾಗ ಹೆಸರು ಹೇಳಿ ಹೋಗಿ. ಮಂಡಿನೋವೋ, ಸಾಲವೋ, ಮಗನ ಕೆಲಸವೋ ಇದ್ದರೆ ಅದನ್ನೂ ಹೇಳಿ. ದನ ಇದ್ದರೆ ಅದಕ್ಕೂ ಪಟ್ಟಿಯಲ್ಲಿ ಜಾಗ ಉಂಟು.